ಹತ್ತು ವರ್ಷ ಗೋಡೆ ನೋಡಿದ ಮೇಲೆ: ಜೆನ್ ಸಾಧನೆಯಲ್ಲಿ ಮುನ್ನಡೆ ಎಂಬುದಿದೆಯೇ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. 2014ರ ಮಳೆಗಾಲದಿಂದ ನಾನು ಬೆಳಗಿನ ಜಾವ ಎದ್ದು, ಹಿಂದಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ, ಒಂದು ಊದಿನಕಡ್ಡಿ ಉರಿದು ಮುಗಿಯುವಷ್ಟು ಹೊತ್ತು ಜಾಜೆನ್‌ಗೆ, ಅಂದರೆ ಜೆನ್ ಬೌದ್ಧರು ಕೂತು ಮಾಡುವ ಧ್ಯಾನಕ್ಕೆ, ಕೂರುತ್ತಾ ಬಂದಿದ್ದೇನೆ. ನನಗೆ ದೀಕ್ಷೆ ಕೊಟ್ಟ ಗುರುಗಳಿಲ್ಲ. ಪುಣೆಯಲ್ಲಿದ್ದಾಗ ಸಹೋದ್ಯೋಗಿಯೊಬ್ಬರು ಕೂರುವ ಬಗೆಯನ್ನೂ ಉಸಿರನ್ನು ಒಂದರಿಂದ ಹತ್ತರವರೆಗೆ ಎಣಿಸುವ ಬಗೆಯನ್ನೂ ತೋರಿಸಿಕೊಟ್ಟರು. ಉಳಿದದ್ದೆಲ್ಲ ಓದಿನಿಂದ ಬಂದದ್ದು. ಎಣಿಕೆ ತಪ್ಪಿದರೆ ಮತ್ತೆ ಒಂದರಿಂದ ಶುರು ಮಾಡಬೇಕು, ಅಷ್ಟೇ ನಿಯಮ. ವೃತ್ತಿಯಲ್ಲಿ ಲೆಕ್ಕಪತ್ರ ನೋಡಿದವನಾದ್ದರಿಂದ ಇದಕ್ಕೂ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇಟ್ಟೆ. ತಾರೀಖು, ಕೂತ ನಿಮಿಷ, ಎಣಿಕೆ ಎಲ್ಲಿ ತಪ್ಪಿತು ಎಂದು ಮೂರು ಕಲಮು ಎಳೆದಿದ್ದೆ.

ಮೊನ್ನೆ ಕಪಾಟು ತೆಗೆದಾಗ ಮೊದಲ ಪುಸ್ತಕ ಸಿಕ್ಕಿತು. ಒಂದು ಪುಟದಲ್ಲಿ "ನಾಲ್ಕಕ್ಕೆ ತಪ್ಪಿತು, ಮೂರಕ್ಕೆ ತಪ್ಪಿತು, ಏಳರವರೆಗೆ ಹೋಯಿತು, ಮತ್ತೆ ನಾಲ್ಕು" ಎಂದು ಬರೆದಿದ್ದೇನೆ. ಈಗಿನ ಪುಸ್ತಕವನ್ನು ಪಕ್ಕದಲ್ಲಿಟ್ಟು ನೋಡಿದರೆ ಹೆಚ್ಚುಕಡಿಮೆ ಅದೇ ಇದೆ. ಅಕ್ಷರ ಮಾತ್ರ ದೊಡ್ಡದಾಗಿದೆ, ಅದಕ್ಕೆ ಕಾರಣ ಕಣ್ಣು.

ನನ್ನ ಪ್ರಶ್ನೆ ಇಷ್ಟು. ಜೆನ್ ಗ್ರಂಥಗಳು ಗುರಿ ಇಟ್ಟುಕೊಳ್ಳಬೇಡ, ಪಡೆಯುವುದು ಏನೂ ಇಲ್ಲ ಎನ್ನುತ್ತವೆ. ಪ್ರಜ್ಞಾಪಾರಮಿತಾ ಹೃದಯ ಸೂತ್ರವು "ನ ಜ್ಞಾನಂ ನ ಪ್ರಾಪ್ತಿಃ" ಎಂದು ನೇರವಾಗಿಯೇ ಹೇಳುತ್ತದೆ. ಅದೇ ಪರಂಪರೆಯಲ್ಲಿ ಬೋಧೆ (ಪೂರ್ಣ ಅರಿವು), ಕೆನ್‌ಶೋ (ತನ್ನ ನಿಜಸ್ವಭಾವ ಒಮ್ಮೆ ಕಾಣುವುದು), ಗುರುವಿನ ಒಪ್ಪಿಗೆಯ ಮುದ್ರೆ, ಹತ್ತು ಹಂತಗಳ ಚಿತ್ರಮಾಲೆ ಎಲ್ಲವೂ ಇವೆ. ಗುರಿ ಇಲ್ಲವೆಂದಾದರೆ ನಾಲ್ಕೂವರೆಗೆ ಏಳುವುದು ಏಕೆ? ಇದೆ ಎಂದಾದರೆ ನನ್ನ ಪುಸ್ತಕದ ಪ್ರಕಾರ ನಾನು ನಪಾಸು. ಬಲ್ಲವರು ತಿಳಿಸಬೇಕು.

ತೋಟದಮನೆ, ಸಿರಸಿ

ನಿಮ್ಮ ಪ್ರಶ್ನೆಗೆ ನಮ್ಮ ವೇದಾಂತದಲ್ಲಿ ಸಿದ್ಧ ಉತ್ತರವಿದೆ. ಕರ್ಮದಿಂದ ಸಿಗುವ ಫಲಗಳು ನಾಲ್ಕೇ ಬಗೆಯವು: ಉತ್ಪಾದ್ಯ (ಹೊಸದಾಗಿ ಹುಟ್ಟುವುದು), ಆಪ್ಯ (ಹೋಗಿ ಪಡೆಯುವುದು), ವಿಕಾರ್ಯ (ಒಂದು ಇನ್ನೊಂದಾಗಿ ಬದಲಾಗುವುದು), ಸಂಸ್ಕಾರ್ಯ (ಶುದ್ಧಗೊಳ್ಳುವುದು). ಮೋಕ್ಷ ಈ ನಾಲ್ಕರಲ್ಲಿ ಯಾವುದೂ ಅಲ್ಲ ಎಂದು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ಕೊರಳಲ್ಲೇ ಇರುವ ಚಿನ್ನದ ಸರವನ್ನು ಕಳೆದುಹೋಯಿತೆಂದು ಮನೆಯೆಲ್ಲ ಹುಡುಕಿದವಳಿಗೆ ಯಾರೋ ತೋರಿಸಿಕೊಟ್ಟಾಗ ಸರ ಹೊಸದಾಗಿ ಸಿಕ್ಕಿದ್ದೇನೂ ಅಲ್ಲವಲ್ಲ, ಕಂಠಚಾಮೀಕರ ನ್ಯಾಯವೆಂದರೆ ಅದೇ. ಗೌಡಪಾದರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಸಾಧಕನೂ ಇಲ್ಲ, ಮುಮುಕ್ಷುವೂ ಇಲ್ಲ, ಮುಕ್ತನೂ ಇಲ್ಲ ಎಂದರು. ಆದ್ದರಿಂದ ಪುಸ್ತಕವನ್ನು ಒಲೆಗೆ ಹಾಕಿ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಬೇಡ.

ಅಕ್ಕೋರು, ಕುಮಟಾ

ತೋಟದಮನೆಯವರ ಗಾದೆಯಲ್ಲಿಯೇ ಅವರ ವಾದಕ್ಕೆ ಉತ್ತರವಿದೆ. ಬೆಣ್ಣೆ ಕೈಯಲ್ಲಿದ್ದರೂ ತುಪ್ಪವಾಗಬೇಕಾದರೆ ಒಲೆಯ ಮೇಲಿಟ್ಟು ಕಾಯಿಸಲೇಬೇಕು, ಹೊತ್ತು ನೋಡಿ ಇಳಿಸಲೂ ಬೇಕು. ಅಲೆಯಬೇಕಾಗಿಲ್ಲ ಎಂಬುದು ನಿಜ, ಆದರೆ ಸುಮ್ಮನಿರಬಹುದು ಎಂಬುದು ಅದರಿಂದ ಸಿದ್ಧವಾಗುವುದಿಲ್ಲ.

ಕಾಳಿದಂಡೆಯವರ ಪ್ರಶ್ನೆ ಹೊಸದಲ್ಲ, ಜಪಾನಿನ ಜೆನ್ ಶಾಖೆಯಾದ ಸೋತೋ ಪರಂಪರೆ ಹುಟ್ಟಿದ್ದೇ ಈ ಪ್ರಶ್ನೆಯಿಂದ ಎಂದರೂ ನಡೆಯುತ್ತದೆ. ಅದನ್ನು ಜಪಾನಿನಲ್ಲಿ ಶುರು ಮಾಡಿದ, 1200ರಲ್ಲಿ ಹುಟ್ಟಿದ ಡೋಗೆನ್, ಎಳೆಯ ವಯಸ್ಸಿನಲ್ಲಿ ಹಿಯೇ ಬೆಟ್ಟದ ಮಠ ಸೇರಿದಾಗ ಅವರನ್ನು ಕಾಡಿದ್ದು ಇದೇ ಸಂಶಯ: ಸಕಲ ಜೀವಿಗಳಲ್ಲೂ ಬುದ್ಧಸ್ವಭಾವ ಇದ್ದೇ ಇದೆ ಎಂದಾದ ಮೇಲೆ ಹಿಂದಿನ ಬುದ್ಧರೆಲ್ಲ ಸಾಧನೆಗೆ ತೊಡಗಿದ್ದು ಏಕೆ? ಅದಕ್ಕೆ ಅಲ್ಲಿ ಸಮಾಧಾನ ಸಿಗದೆ 1223ರಲ್ಲಿ ಚೀನಾಕ್ಕೆ ಹಡಗು ಹತ್ತಿದರು. ರುಜಿಂಗ್ ಎಂಬ ಗುರುವಿನ ಬಳಿ ಕಲಿತು 1227ರಲ್ಲಿ ಹಿಂದಿರುಗಿದರು. ಅವರು ತಂದ ಉತ್ತರ ಇದು: ಸಾಧನೆ ಒಂದು ಕಡೆ, ಸಿದ್ಧಿ ಇನ್ನೊಂದು ಕಡೆ ಎಂದು ದಡ ಎರಡಿಲ್ಲ. ಕೂರುವುದು ಬೋಧೆಗೆ ಹೋಗುವ ದಾರಿಯಲ್ಲ, ಬೋಧೆ ನಡೆಯುವ ಬಗೆಯೇ ಕೂರುವುದು. ಬುದ್ಧನಾಗುವ ಹಂಚಿಕೆಯನ್ನು ಇಟ್ಟುಕೊಳ್ಳಬೇಡ ಎಂದು ಜಾಜೆನ್‌ನ ಸೂಚನೆಗಳಲ್ಲಿಯೇ ಬರೆದರು.

ಅವರು 1233ರಲ್ಲಿ ಬರೆದ 'ಗೆಂಜೋಕೋಆನ್' ಒಂದು ಬೀಸಣಿಗೆಯ ಕಥೆಯಿಂದ ಮುಗಿಯುತ್ತದೆ. ಮಾಗು ಬಾವೋಚೆ ಎಂಬ ಚೀನೀ ಗುರು ಬೀಸಣಿಗೆ ಬೀಸಿಕೊಳ್ಳುತ್ತಿದ್ದಾಗ ಭಿಕ್ಷುವೊಬ್ಬ, ಗಾಳಿಯ ಸ್ವಭಾವ ನಿತ್ಯವಾದದ್ದು, ಅದು ತಲುಪದ ಜಾಗವಿಲ್ಲ, ಹಾಗಿರುವಾಗ ನೀವು ಬೀಸಿಕೊಳ್ಳುವುದು ಏಕೆ ಎಂದು ಕೇಳುತ್ತಾನೆ. ಗಾಳಿ ನಿತ್ಯ ಎಂಬುದು ನಿನಗೆ ಗೊತ್ತು, ತಲುಪದ ಜಾಗವಿಲ್ಲ ಎಂಬುದರ ಅರ್ಥ ಗೊತ್ತಿಲ್ಲ ಎನ್ನುತ್ತಾನೆ ಗುರು. ಹಾಗಾದರೆ ಅದರ ಅರ್ಥವೇನು ಎಂದರೆ ಗುರು ಮಾತಾಡುವುದಿಲ್ಲ, ಬೀಸಿಕೊಳ್ಳುತ್ತಾನೆ ಅಷ್ಟೇ.

ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳ ಸಂಜೆ ಕಡಲಗಾಳಿ ನಿಂತು, ಕರೆಂಟೂ ಹೋಗಿ, ಜಗಲಿಯಲ್ಲಿ ಕೂತು ಹಾಳೆ ಬೀಸಣಿಗೆ ಕೈಗೆತ್ತಿಕೊಂಡವರಿಗೆ ಗಾಳಿ ಇತ್ತೇ, ನಾವು ಮಾಡಿದೆವೇ ಎಂಬ ಪ್ರಶ್ನೆಯೇ ಬರುವುದಿಲ್ಲ. ಕತ್ತಿನ ಬೆವರಿಗೆ ತಂಪು ತಾಗುತ್ತದೆ. ಬೀಸುವುದು ನಿಂತರೆ ತಂಪೂ ನಿಲ್ಲುತ್ತದೆ. ನಿನ್ನೆ ಬೀಸಿದ್ದು ಇವತ್ತಿಗೆ ಉಳಿತಾಯವಾಗಿ ಬರುವುದೂ ಇಲ್ಲ.

ಇನ್ನೊಂದು ಮಾತು. ಜೆನ್ ಅನ್ನು ಅದ್ವೈತಕ್ಕೆ ಸಲೀಸಾಗಿ ಹೊಲಿದುಬಿಡುವ ರೂಢಿ ನಮ್ಮಲ್ಲಿದೆ, ಅದು ಸರಿಯಲ್ಲ. ದೇಹ ಅಳಿದರೂ ಅಳಿಯದ ನಿತ್ಯ ಚೈತನ್ಯವೊಂದಿದೆ, ಅದನ್ನು ಅರಿತರೆ ಸಾಕು ಎಂಬ ಮತವನ್ನು ಡೋಗೆನ್ 1231ರ 'ಬೆಂದೋವಾ' ಬರಹದಲ್ಲಿ ಹೆಸರು ಹಿಡಿದು ತಳ್ಳಿಹಾಕಿದ್ದಾರೆ. ಕೊರಳಿನ ಸರದ ದೃಷ್ಟಾಂತದಲ್ಲಿ ಸರ ಎಂಬುದೊಂದು ಇದೆ. ಇಲ್ಲಿ ಬೀಸುವ ಕೈಯನ್ನು ಬಿಟ್ಟು ಬೇರೆ ಇಟ್ಟುಕೊಳ್ಳಬಹುದಾದ ವಸ್ತುವಿಲ್ಲ.

ತೋಟದಮನೆ, ಸಿರಸಿ

ಅಕ್ಕೋರೇ, ಗಾದೆಯ ವಿಷಯದಲ್ಲಿ ಸೋತೆ. ಸಿದ್ಧಾಂತದ ವಿಷಯದಲ್ಲಿ ಸೋತಿಲ್ಲ. ನಮ್ಮಲ್ಲಿಯೂ ಚಿತ್ತಶುದ್ಧಿಗೆ ಕರ್ಮ ಬೇಕೆಂದೇ ಇದೆ. ಕರ್ಮವು ಮೋಕ್ಷವನ್ನು ಕೊಡಲಾರದು ಎಂದಷ್ಟೇ ನಾನು ಹೇಳಿದ್ದು. ಒಲೆಗೆ ಹಾಕಿ ಎಂದದ್ದು ಮಾತಿನ ಭರದಲ್ಲಿ ಬಂತು, ಕಾಳಿದಂಡೆಯವರು ಮನಸ್ಸಿಗೆ ಹಚ್ಚಿಕೊಳ್ಳಬಾರದು.

ಮದ್ದಳೆ, ಹೊನ್ನಾವರ

ಗುರಿ ಇಲ್ಲ ಎಂಬ ಮಾತು ಸೋಮಾರಿಗೆ ಬಹಳ ಅನುಕೂಲದ್ದು ಎಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲರೂ ಸೋತೋದವರ ಮಾತನ್ನೇ ಜೆನ್ ಎಂದು ಹಿಡಿದಂತಿದೆ. ಜೆನ್‌ನ ಇನ್ನೊಂದು ಶಾಖೆಯಾದ ರಿಂಜಾಯ್ ಪರಂಪರೆಯಲ್ಲಿ ಕೋಆನ್ (ತರ್ಕಕ್ಕೆ ಬಗ್ಗದ ಒಗಟಿನಂಥ ಪ್ರಶ್ನೆ) ಕೊಟ್ಟು, ಶಿಷ್ಯನನ್ನು ಒಬ್ಬೊಬ್ಬನನ್ನಾಗಿ ಒಳಗೆ ಕರೆದು ಉತ್ತರ ಕೇಳಿ, ಸರಿ ಬಾರದಿದ್ದರೆ ಗಂಟೆ ಬಾರಿಸಿ ಹೊರಗೆ ಕಳಿಸುತ್ತಾರೆ. ಒಂದು ಮುಗಿದರೆ ಇನ್ನೊಂದು, ಹೀಗೆ ನೂರಾರು. ಇದು ಮುನ್ನಡೆಯಲ್ಲವಾದರೆ ಮುನ್ನಡೆ ಎಂಬ ಶಬ್ದಕ್ಕೇ ಅರ್ಥವಿಲ್ಲ.

ಆದರೆ ಆ ಪರಂಪರೆಗೆ ಮರುಜೀವ ಕೊಟ್ಟ ಹಕುಇನ್ (1686–1769) ಅವರ ಕಥೆಯನ್ನೂ ಕೇಳಬೇಕು. 24ನೆಯ ವಯಸ್ಸಿನಲ್ಲಿ, ರಾತ್ರಿಯಿಡೀ ಕೂತಿದ್ದಾಗ ದೂರದ ದೇವಾಲಯದ ಗಂಟೆ ಕೇಳಿ ಅವರಿಗೆ ಒಳಗು ತೆರೆದುಕೊಂಡಿತು. ಕಳೆದ ಮುನ್ನೂರು ವರ್ಷಗಳಲ್ಲಿ ತನ್ನಷ್ಟು ಕಂಡವರು ಯಾರೂ ಇಲ್ಲ ಎಂಬ ಅಹಂಕಾರವೂ ಜೊತೆಗೇ ಬಂತು. ಅದನ್ನು ಹೊತ್ತುಕೊಂಡು ಶೋಜು ಎಂಬ ಮುದುಕನ ಬಳಿಗೆ ಹೋದರೆ, ಆತ ಮೂಗು ಹಿಡಿದು ತಿರುಚಿ, ಬಿಲದಲ್ಲಿ ಕೂತ ದೆವ್ವವೇ ಎಂದು ಬೈದು ಕಳಿಸಿದ. ಅಲ್ಲಿಂದ ಮುಂದೆಯೂ ಚಿಕ್ಕವು ದೊಡ್ಡವು ಎಂದು ಎಷ್ಟೋ ಸಲ ಕಂಡೆ ಎಂದು ಹಕುಇನ್ ಬರೆದುಕೊಂಡಿದ್ದಾರೆ. ನನ್ನ ತಿಳಿವಳಿಕೆಯಲ್ಲಿ ಇಲ್ಲಿ ಮುನ್ನಡೆ ಖಂಡಿತವಾಗಿ ಇದೆ, ಆದರೆ ಅದರ ಲೆಕ್ಕ ಶಿಷ್ಯನ ಪುಸ್ತಕದಲ್ಲಿ ಇರುವುದಿಲ್ಲ.

ನಾನು ಯಕ್ಷಗಾನದ ಮದ್ದಳೆ ಕಲಿತವನು. ಏಕತಾಳದ ಒಂದೇ ಪಾಠವನ್ನು ಗುರುಗಳು ಇಡೀ ಒಂದು ಮಳೆಗಾಲ ಹೇಳಿಸಿದರು. ಬಂತೇ ಎಂದು ಕೇಳಿದರೆ ಬಾರಿಸು ಎನ್ನುತ್ತಿದ್ದರು. ಒಂದು ದಿನ ಏನೂ ಹೇಳದೆ ಝಂಪೆ ತಾಳ ಶುರು ಮಾಡಿದರು, ಆಗ ಹಿಂದಿನದು ಬಂದಿದೆ ಎಂದು ನನಗೆ ಗೊತ್ತಾಯಿತು. ಕಾಳಿದಂಡೆಯವರ ತೊಂದರೆ ಗುರಿಯದ್ದಲ್ಲ, ಕೇಳಿಸಿಕೊಳ್ಳುವವರು ಇಲ್ಲದ್ದು.

ಮುಂಡಗೋಡ ದಾರಿ

ಈ ಜಗಳ ನಮ್ಮ ಜಿಲ್ಲೆಗೆ ನಾವು ಅಂದುಕೊಂಡದ್ದಕ್ಕಿಂತ ಹತ್ತಿರದ್ದು. ಎಂಟನೆಯ ಶತಮಾನದ ಕೊನೆಯಲ್ಲಿ ಟಿಬೆಟ್ಟಿನ ರಾಜ ಠಿಸೋಂಗ್ ದೆಚೆನ್ ಕಾಲದಲ್ಲಿ ಸಾಮ್ಯೆ ಮಠದ ವಾದ ನಡೆಯಿತು. ಒಂದು ಕಡೆ ಚೀನಾದ ಧ್ಯಾನ ಪರಂಪರೆಯ ಭಿಕ್ಷು ಮೊಹೆಯಾನ್, ಇನ್ನೊಂದು ಕಡೆ ಭಾರತದ ಪಂಡಿತ ಕಮಲಶೀಲ. ಯೋಚನೆಗಳನ್ನೆಲ್ಲ ಬಿಟ್ಟರೆ ಒಮ್ಮೆಲೇ ತಲುಪಬಹುದು, ಒಳ್ಳೆಯ ಕರ್ಮವೂ ಆಕಾಶ ಮುಚ್ಚುವ ಒಂದು ಬಿಳಿಯ ಮೋಡವೇ ಎಂಬ ಧಾಟಿ ಮೊಹೆಯಾನನದು. ದಾನ, ಶೀಲ, ವಿವೇಚನೆ ಎಂದು ಮೆಟ್ಟಿಲು ಮೆಟ್ಟಿಲಾಗಿಯೇ ಹತ್ತಬೇಕು ಎಂಬುದು ಕಮಲಶೀಲರ ವಾದ, ಅದನ್ನೇ ಅವರು 'ಭಾವನಾಕ್ರಮ'ಗಳಲ್ಲಿ ಬರೆದಿದ್ದಾರೆ. ಕಮಲಶೀಲರೇ ಗೆದ್ದರು ಎಂದು ಟಿಬೆಟ್ಟಿನ ಪರಂಪರೆ ಹೇಳುತ್ತದೆ. ಡುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕ ಚೀನೀ ಬರಹವೊಂದು ಗೆಲುವನ್ನು ಮೊಹೆಯಾನನಿಗೆ ಕೊಡುತ್ತದೆ. (ಎರಡೂ ಪಕ್ಷದವರು ಗೆದ್ದು ಮನೆಗೆ ಹೋದ ವಾದಗಳನ್ನು ನಮ್ಮ ಪಂಚಾಯಿತಿಗಳಲ್ಲೂ ನೋಡಿದ್ದೇವೆ.)

ಆ ಕಮಲಶೀಲರ ಪಕ್ಷದ ವಾರಸುದಾರರು ಇಂದು ಮುಂಡಗೋಡದಲ್ಲಿದ್ದಾರೆ. 1966ರಲ್ಲಿ ಅಲ್ಲಿ ಟಿಬೆಟ್ಟಿನವರ ಕಾಲನಿ ಆಯಿತು. ಆಮೇಲೆ ದ್ರೆಪುಂಗ್, ಗಾಂದೆನ್ ಮಠಗಳು ಅಲ್ಲಿಯೇ ಮತ್ತೆ ನೆಲೆ ನಿಂತವು. ಸಂಜೆ ಅಂಗಳದಲ್ಲಿ ವಾದಾಭ್ಯಾಸ ನಡೆಯುವಾಗ ಹೋಗಿ ನಿಂತು ನೋಡಿ. ಪ್ರಶ್ನೆ ಕೇಳುವವನು ನಿಂತಿರುತ್ತಾನೆ, ಉತ್ತರಿಸುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರತಿ ಪ್ರಶ್ನೆಯ ತುದಿಗೆ ನಿಂತವನು ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ಗೆಶೆ ಎಂಬ ಪಂಡಿತ ಪದವಿಗೆ ಇಪ್ಪತ್ತು ವರ್ಷದ ಹತ್ತಿರ ಓದಬೇಕು. ಅಲ್ಲಿ ಒಬ್ಬ ಭಿಕ್ಷುವಿನ ಬಳಿ, ಮೆಟ್ಟಿಲೇ ಇಲ್ಲ ಎನ್ನುವವರೂ ಇದ್ದಾರಲ್ಲ ಎಂದು ನಾನು ಕೇಳಿದ್ದೆ. "ಮಹಡಿಯ ಮೇಲೆ ಕೂತವರು ಹಾಗೆ ಹೇಳಬಹುದು" ಎಂದು ನಕ್ಕರು. ನನಗೆ ಆ ಉತ್ತರ ಇಂದಿಗೂ ಹಿಡಿಸಿದೆ.

ಬೈತಖೋಲ ಹುಡುಗ, ಕಾರವಾರ

ನಾನು ಚಿಕ್ಕವನು, ಶಾಸ್ತ್ರ ತಿಳಿದವನಲ್ಲ. ಮೊಬೈಲಿನ ಆಪ್ ಹಾಕಿಕೊಂಡು ಧ್ಯಾನ ಮಾಡುತ್ತಿದ್ದೆ. ಒಂದು ದಿನವೂ ತಪ್ಪದೆ 211 ದಿನ ಆಗಿತ್ತು, ಆಪ್ ಪ್ರತಿದಿನ ಆ ಅಂಕಿಯನ್ನು ದೊಡ್ಡದಾಗಿ ತೋರಿಸುತ್ತಿತ್ತು. ಅಪ್ಪನನ್ನು ಆಸ್ಪತ್ರೆಗೆ ಸೇರಿಸಿದ ರಾತ್ರಿ ತಪ್ಪಿಹೋಯಿತು. ಮರುದಿನ ತೆರೆದರೆ ಸೊನ್ನೆ. ಅಪ್ಪ ಒಂದು ವಾರದಲ್ಲಿ ಮನೆಗೆ ಬಂದರು, ನಾನು ಮಾತ್ರ ಎಂಟು ತಿಂಗಳು ಕೂರಲೇ ಇಲ್ಲ. ಕೂರುತ್ತಿದ್ದದ್ದು ಅಂಕಿಗಾಗಿ ಎಂದು ಆಮೇಲೆ ತಿಳಿಯಿತು. ಕಾಳಿದಂಡೆ ಕಾಕಾ, ನಿಮ್ಮ ಪುಸ್ತಕದಲ್ಲಿ ಸೊನ್ನೆಗೆ ಹಿಂದಿರುಗುವ ಪದ್ಧತಿ ಇಲ್ಲದಿರುವುದೇ ಒಳ್ಳೆಯದು ಅನಿಸುತ್ತದೆ.

ಆಗರದಂಚು, ಗೋಕರ್ಣ

ಸಾಣಿಕಟ್ಟೆಯ ಉಪ್ಪಿನ ಆಗರದ ಪಕ್ಕದಲ್ಲಿ ಬೆಳೆದವನಾಗಿ ಒಂದು ಮಾತು ಸೇರಿಸುತ್ತೇನೆ. ಉಬ್ಬರದ ನೀರನ್ನು ಒಳಗೆ ಬಿಟ್ಟುಕೊಂಡು, ಒಂದು ಗದ್ದೆಯಿಂದ ಇನ್ನೊಂದಕ್ಕೆ ಹಾಯಿಸುತ್ತಾ ಹೋಗುತ್ತಾರೆ. ನೀರು ದಪ್ಪವಾಗುತ್ತಾ ಬಂದು ಕೊನೆಯಲ್ಲಿ ಹರಳುಗಟ್ಟುತ್ತದೆ. ಉಪ್ಪನ್ನು ಮಾಡುವುದು ಬಿಸಿಲು ಮತ್ತು ಗಾಳಿ, ಮನುಷ್ಯ ಒಂದು ಹರಳನ್ನೂ ಮಾಡಲಾರ. ಆದರೆ ಆತ ತಳವನ್ನು ತುಳಿದು ಗಟ್ಟಿ ಮಾಡದಿದ್ದರೆ, ಒಡ್ಡು ನೋಡಿಕೊಳ್ಳದಿದ್ದರೆ, ಬರುವುದು ಉಪ್ಪಲ್ಲ, ಕೆಸರು. ಅಕಾಲದ ಒಂದು ಮಳೆ ಬಂದರೆ ಮತ್ತೆ ಮೊದಲಿನಿಂದ. ಆಗರದವರು ಯಾರೂ ಬೆಳಿಗ್ಗೆ ಇಷ್ಟು ಹರಳು, ಮಧ್ಯಾಹ್ನ ಇಷ್ಟು ಹರಳು ಎಂದು ಎಣಿಸುತ್ತಾ ಕೂರುವುದನ್ನು ನಾನು ಕಂಡಿಲ್ಲ. ಅವರು ನೋಡುವುದು ಒಡ್ಡನ್ನು.

ಅಕ್ಕೋರು, ಕುಮಟಾ

ಆಗರದ ದೃಷ್ಟಾಂತ ಚೆನ್ನಾಗಿದೆ, ಆದರೆ ಅಲ್ಲಿಯೂ ಕೊನೆಗೆ ಉಪ್ಪು ಮಾರಾಟಕ್ಕೆ ಹೋಗುತ್ತದೆ ಎಂಬುದನ್ನು ಮರೆಯುವಂತಿಲ್ಲ. ಮದ್ದಳೆಯವರ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಗುರಿ ಇಲ್ಲ ಎಂದೊಡನೆ ಹೇಗೆ ಮಾಡಿದರೂ ನಡೆಯುತ್ತದೆ ಎಂದು ತಿಳಿಯುವುದು ದೊಡ್ಡ ತಪ್ಪು. ಆ ತಪ್ಪಿಗೆ ಡೋಗೆನ್ ಅವರಲ್ಲಿ ಜಾಗವೇ ಇಲ್ಲ.

1237ರಲ್ಲಿ ಅವರು ಮಠದ ಅಡುಗೆಯವನಿಗಾಗಿಯೇ ಒಂದು ಬರಹ ಬರೆದರು. ಅಕ್ಕಿ ತೊಳೆಯುವಾಗ ಮರಳನ್ನು ನೋಡು, ಮರಳು ತೆಗೆಯುವಾಗ ಅಕ್ಕಿಯನ್ನು ನೋಡು, ಒಂದು ಕಾಳೂ ನೀರಿನೊಡನೆ ಹೋಗಬಾರದು ಎಂಬಷ್ಟು ವಿವರ ಅಲ್ಲಿದೆ. ಚೀನಾದ ಮಠದಲ್ಲಿ ಕಂಡ ಮುದುಕ ಅಡುಗೆಯವನನ್ನೂ ಅಲ್ಲಿ ನೆನೆಯುತ್ತಾರೆ. 68 ವರ್ಷ, ಬೆನ್ನು ಬಿಲ್ಲಿನಂತೆ ಬಾಗಿದೆ, ಹುಬ್ಬು ಬೆಳ್ಳಗಾಗಿದೆ, ತಲೆಗೆ ಟೋಪಿಯಿಲ್ಲ, ಸುಡುವ ಬಿಸಿಲಿನಲ್ಲಿ ಕಾದ ಕಲ್ಲಿನ ನೆಲದ ಮೇಲೆ ಅಣಬೆ ಒಣಗಿಸುತ್ತಿದ್ದಾನೆ. ಬೇರೆಯವರಿಂದ ಮಾಡಿಸಬಾರದೇ ಎಂದು ಡೋಗೆನ್ ಕೇಳಿದರೆ, "ಅವರು ನಾನಲ್ಲ" ಎನ್ನುತ್ತಾನೆ. ಇಂಥ ಬಿಸಿಲಿನಲ್ಲಿ ಏಕೆ ಎಂದರೆ, ಇನ್ನು ಯಾವ ಹೊತ್ತಿಗೆ ಕಾಯಲಿ ಎನ್ನುತ್ತಾನೆ. ಅಂಗಳದಲ್ಲಿ ಅಡಿಕೆ ಹರಡಿಕೊಂಡು ಮೋಡ ನೋಡುತ್ತಾ ಕೂತವರಿಗೆ ಈ ಮುದುಕ ದೂರದವನಲ್ಲ. ಅಣಬೆ ಚೆನ್ನಾಗಿ ಒಣಗಿತೇ ಇಲ್ಲವೇ ಎಂಬುದಕ್ಕೆ ಅಳತೆ ಇದೆ. ಆ ಮುದುಕ ಅಣಬೆ ಒಣಗಿಸಿ ಏನಾಗಲು ಹೊರಟಿದ್ದಾನೆ ಎಂಬುದಕ್ಕೆ ಇಲ್ಲ. ಈ ಎರಡನ್ನು ನಾವು ಬೆರೆಸಿಬಿಡುತ್ತಿದ್ದೇವೆ. ಬೆನ್ನು ನೆಟ್ಟಗಿದೆಯೇ, ನಿದ್ದೆ ಬಂತೇ, ಎಣಿಕೆ ತಪ್ಪಿದ್ದು ಗಮನಕ್ಕೆ ಬಂತೇ ಎಂಬವು ಅಣಬೆಯ ಪ್ರಶ್ನೆಗಳು. ನಾನು ಎಲ್ಲಿಗೆ ಬಂದೆ ಎಂಬುದು ಬೇರೆಯೇ ಜಾತಿಯ ಪ್ರಶ್ನೆ.

ಹೆಂಚು ಉಜ್ಜಿದ ಕಥೆಯನ್ನೂ ಹೀಗೆಯೇ ಓದಬೇಕು ಎಂದು ನನ್ನ ಅಭಿಪ್ರಾಯ. ಬುದ್ಧನಾಗಲು ಕೂತಿದ್ದೇನೆ ಎಂದ ಶಿಷ್ಯ ಮಾಝುವಿನ ಎದುರು ಗುರು ನಾನ್‌ಯುಎ ಹೆಂಚೊಂದನ್ನು ಕಲ್ಲಿಗೆ ಉಜ್ಜತೊಡಗಿದ. ಕನ್ನಡಿ ಮಾಡುತ್ತಿದ್ದೇನೆ ಎಂದ. ಉಜ್ಜಿದರೆ ಹೆಂಚು ಕನ್ನಡಿಯಾದೀತೇ ಎಂದರೆ, ಕೂತರೆ ಬುದ್ಧನಾದೀತೇ ಎಂದು ತಿರುಗಿ ಕೇಳಿದ. ಸಾಮಾನ್ಯವಾಗಿ ಇದನ್ನು ಕೂರುವುದು ವ್ಯರ್ಥ ಎಂಬುದಕ್ಕೆ ಸಾಕ್ಷಿಯಾಗಿ ಹೇಳುತ್ತಾರೆ. ಡೋಗೆನ್ ಅದನ್ನು ಮಗುಚಿ ಹಾಕಿ, ಹೆಂಚನ್ನು ಉಜ್ಜುವುದೇ ಸಾಧನೆ ಎಂದು ಓದಿದರು. ಕನ್ನಡಿಯ ಆಸೆ ಬಿಟ್ಟ ಮೇಲೂ ಉಜ್ಜುವ ಕೈ ನಿಲ್ಲಬೇಕಾಗಿಲ್ಲ.

ಕಾಳಿದಂಡೆಯವರೇ, ಹತ್ತು ವರ್ಷದಲ್ಲಿ ಎಣಿಕೆ ತಪ್ಪಿದ್ದು ಗೊತ್ತಾಗಲು ಹಿಡಿಯುವ ಹೊತ್ತು ಕಡಿಮೆಯಾಗಿದೆಯೇ? ಅದಕ್ಕೆ ನಿಮ್ಮ ಪುಸ್ತಕದಲ್ಲಿ ಕಲಮೇ ಇಲ್ಲವಲ್ಲ. ಮನೆಯವರನ್ನೂ ಒಮ್ಮೆ ಕೇಳಿ ನೋಡಿ.

ಮದ್ದಳೆ, ಹೊನ್ನಾವರ

ಅರ್ಧ ಒಪ್ಪಿದ್ದಕ್ಕೆ ಉಪಕಾರ ಅಕ್ಕೋರೇ. ಉಳಿದರ್ಧಕ್ಕೆ ಎತ್ತಿನ ಹತ್ತು ಚಿತ್ರಗಳನ್ನು ನೆನಪಿಸುತ್ತೇನೆ. ಹನ್ನೆರಡನೆಯ ಶತಮಾನದ ಚೀನೀ ಗುರು ಕುಓಆನ್ ಅವುಗಳಿಗೆ ಪದ್ಯ ಬರೆದ. ಎತ್ತನ್ನು ಹುಡುಕುವುದು, ಹೆಜ್ಜೆಗುರುತು ಕಾಣುವುದು, ಹಿಡಿಯುವುದು, ಪಳಗಿಸುವುದು, ಮೇಲೆ ಕೂತು ಮನೆಗೆ ಬರುವುದು ಎಂದು ಸಾಗುತ್ತದೆ. ಎಂಟನೆಯದರಲ್ಲಿ ಎತ್ತೂ ಇಲ್ಲ, ಮನುಷ್ಯನೂ ಇಲ್ಲ, ಬರೀ ವೃತ್ತ. ಅಲ್ಲಿಗೇ ಮುಗಿಸಿದ್ದರೆ ನೀವು ಹೇಳಿದ್ದೇ ಸರಿಯಾಗುತ್ತಿತ್ತು. ಕುಓಆನ್ ಮುಗಿಸಲಿಲ್ಲ. ಹತ್ತನೆಯದರಲ್ಲಿ ಆ ಮನುಷ್ಯ ಬರಿಗಾಲಿನಲ್ಲಿ, ಮೈಗೆ ಧೂಳು ಮೆತ್ತಿಕೊಂಡು, ನಗುತ್ತಾ ಸಂತೆಗೆ ಬರುತ್ತಾನೆ. ಹತ್ತು ಎಂದು ಅಂಕಿ ಹಾಕಿದವರೂ ಜೆನ್‌ನವರೇ.

ಕಾಳಿದಂಡೆ, ಕಾರವಾರ

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿದೆ. ಅಕ್ಕೋರು ಹೇಳಿದಂತೆ ಮನೆಯವಳನ್ನು ಕೇಳಿದೆ. ಚಹಾ ಸೋಸುತ್ತಿದ್ದವಳು ಸ್ವಲ್ಪ ಹೊತ್ತು ಯೋಚಿಸಿ, ಮೊದಲಿನಷ್ಟು ರೇಗುವುದಿಲ್ಲ, ಆದರೆ ಅದು ರಿಟೈರ್ ಆದದ್ದರಿಂದಲೂ ಇರಬಹುದು ಎಂದಳು. ಬಿ.ಪಿ. ಮಾತ್ರೆ ಶುರುವಾದದ್ದೂ ಅದೇ ವರ್ಷ ಎಂದು ನೆನಪಿಸಿದಳು. ಹೀಗಾಗಿ ಆ ಸಾಕ್ಷ್ಯ ನಿಲ್ಲುವುದಿಲ್ಲ.

ಎಣಿಕೆ ತಪ್ಪಿದ್ದು ಗೊತ್ತಾಗುವ ಹೊತ್ತಿನ ಬಗ್ಗೆ ನಾನು ಎಂದೂ ಯೋಚಿಸಿರಲಿಲ್ಲ. ಇಂದು ಬೆಳಿಗ್ಗೆ ನೋಡೋಣ ಎಂದು ಕೂತೆ. ನಾಲ್ಕಕ್ಕೆ ತಪ್ಪಿತು. ಹೊರಗೆ ಮೀನಿನವಳ ಸೈಕಲ್ ಗಂಟೆ ಕೇಳಿದಾಗ, ತಪ್ಪಿ ಎಷ್ಟು ಹೊತ್ತಾಯಿತು ಎಂಬುದೇ ತಿಳಿಯದೆ ಮತ್ತೆ ಒಂದಕ್ಕೆ ಬಂದೆ. ಆಮೇಲೆ ಪುಸ್ತಕ ತೆರೆದು ಪೆನ್ನು ಹಿಡಿದುಕೊಂಡು ಕೂತೆ. ಕೊನೆಗೆ ತಾರೀಖು ಮಾತ್ರ ಬರೆದೆ, ಉಳಿದ ಎರಡು ಕಲಮು ಖಾಲಿ ಬಿಟ್ಟೆ. ಸದ್ಯಕ್ಕೆ ಹೀಗೆಯೇ ಮುಂದುವರಿಸುತ್ತೇನೆ.

ಮದ್ದಳೆ, ಹೊನ್ನಾವರ

ತಾರೀಖೂ ಏರುತ್ತಲೇ ಹೋಗುವ ಅಂಕಿಯೇ ಅಲ್ಲವೇ, ಲೆಕ್ಕದವರೇ?

ಕಾಳಿದಂಡೆ, ಕಾರವಾರ

ತಿಂಗಳು ಮುಗಿದ ಮೇಲೆ ಅದೂ ಒಂದಕ್ಕೇ ಬರುತ್ತದೆ, ಮದ್ದಳೆಯವರೇ.